ಬಿಳಿಯನ್ನು ಅಳೆಯುತ್ತಿದ್ದವರು

೨೦೦೯ ಮಾರ್ಚ್ ೧, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಪತ್ರಿಕೆಗೆಂದು ಇದನ್ನು ಶುರು ಮಾಡುತ್ತಿದ್ದೇನೆ. ಅವರು ತೀರಿಕೊಂಡು ಒಂದು ತಿಂಗಳ ಮೇಲಾಯಿತು. ಹೆಸರು ಬರೆಯುವುದಿಲ್ಲ. ಜಯನಗರ, ಜೆ.ಪಿ. ನಗರದ ಕಡೆ ಸ್ಟುಡಿಯೋ ಇಟ್ಟಿದ್ದವರಿಗೆ, ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡು ಓಡಾಡಿದವರಿಗೆ ಎರಡನೆಯ ಪ್ಯಾರಾ ಮುಗಿಯುವ ಹೊತ್ತಿಗೆ ಯಾರೆಂದು ಗೊತ್ತಾಗುತ್ತದೆ. ಅವರಲ್ಲಿ ಹೆಚ್ಚಿನವರು ಅಲ್ಲಿಗೇ ಓದುವುದನ್ನು ಬಿಡುತ್ತಾರೆ ಎಂಬುದೂ ನನಗೆ ಗೊತ್ತು.

ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ಉತ್ತರಕ್ಕೆ ದೊಡ್ಡ ಕಿಟಕಿಯಿದ್ದ ಒಂದು ಮೊದಲ ಮಹಡಿ. ಅಲ್ಲಿ ಅವರು ಇಂಕ್‌ಜೆಟ್ ಯಂತ್ರದಲ್ಲಿ ಫೋಟೋ ಪ್ರಿಂಟ್ ಹಾಕಿಕೊಡುತ್ತಿದ್ದರು. ಅದರ ಮೇಲಿನ ಮಹಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಅದಕ್ಕೂ ಮೊದಲು ಯಾವುದೋ ಕಾರ್ಖಾನೆಯ ಫೋಟೋ ವಿಭಾಗದಲ್ಲಿ, ಕತ್ತಲ ಕೋಣೆಯಲ್ಲಿ, ಬಹಳ ವರ್ಷ ಕೆಲಸ ಮಾಡಿದ್ದರಂತೆ. ಅಂಗಡಿಯ ಗೋಡೆಗೆಲ್ಲ ಬೂದು ಬಣ್ಣ. ಬಣ್ಣದ ಬಟ್ಟೆ ತೊಟ್ಟವರು ಪ್ರಿಂಟ್ ನೋಡುವ ಮೇಜಿನ ಹತ್ತಿರ ಬರುವಂತಿಲ್ಲ, ಬಟ್ಟೆಯ ಬಣ್ಣ ಕಾಗದದ ಮೇಲೆ ಬಿದ್ದು ಬಿಳಿ ಕೆಡುತ್ತದೆ ಎಂದು. ಅಂಥವರಿಗಾಗಿ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಬೂದು ಕೋಟು ತೂಗುತ್ತಿತ್ತು. ಆಲ್ಬಮ್ ನೋಡಲು ಬಂದ ಹೊಸ ಮದುಮಗಳೊಬ್ಬಳು ಕೆಂಪು ರೇಷ್ಮೆ ಸೀರೆಯ ಮೇಲೆ ಆ ಕೋಟು ಹಾಕಿಕೊಂಡು, ಹೇಗೆ ಕಾಣ್ತಿದೀನಿ ಎಂದು ಗಂಡನನ್ನು ಕೇಳಿ ನಕ್ಕಳು. ಇವರು ಮೇಜಿನಿಂದ ತಲೆಯೆತ್ತದೆ ಹೇಳಿದರು: "ಫೋಟೋದಲ್ಲಿರೋದಕ್ಕಿಂತ ವಾಸಿ ಇವ್ರೇ."

ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರೂ "ಇವ್ರೇ." ಏಕವಚನದಲ್ಲಿ ಬೈದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ದನಿ ಎತ್ತಿದ್ದೂ ಇಲ್ಲ. ನಾನು ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಚಿತ್ರಗಳನ್ನು ಪ್ರಿಂಟಿಗೆ ಸಿದ್ಧಮಾಡುತ್ತಿದ್ದೆ. ಅಷ್ಟೂ ವರ್ಷಗಳ ನನ್ನ ದಿನಚರಿಯಲ್ಲಿ "ಅತ್ತು ಹೋದವರು" ಎಂದು ಗುರುತು ಹಾಕಿರುವುದು ಹದಿನೇಳು ಜನರಿಗೆ. ಅದರಲ್ಲಿ ಗಂಡಸರೇ ಹನ್ನೊಂದು.

ಕೆಲಸ ಕೇಳಿಕೊಂಡು ಹೋದ ದಿನ ಅವರು ನನ್ನ ಡಿಪ್ಲೊಮಾ ಸರ್ಟಿಫಿಕೇಟನ್ನು ನೋಡಲಿಲ್ಲ. ನಾಳೆ ಬರುವಾಗ ನಿಮ್ಮ ಮನೆಯಲ್ಲಿರುವ ಅತಿ ಬೆಳ್ಳಗಿನ ವಸ್ತು ಒಂದು, ಅತಿ ಕಪ್ಪಗಿನದು ಒಂದು ತನ್ನಿ ಎಂದರು. ನಾನು ಅಪ್ಪನ ಒಗೆದು ಮಡಿಸಿದ ಪಂಚೆ ಮತ್ತು ಅಮ್ಮ ಹರಳೆಣ್ಣೆ ದೀಪದಲ್ಲಿ ಹಿಡಿದಿಟ್ಟಿದ್ದ ಕಾಡಿಗೆಯ ಡಬ್ಬಿ ತೆಗೆದುಕೊಂಡು ಹೋದೆ. ಖೋಟಾ ನೋಟು ನೋಡಲು ಬ್ಯಾಂಕುಗಳಲ್ಲಿ ಇಡುತ್ತಾರಲ್ಲ, ಆ ಥರದ ಒಂದು ನೇರಳೆ ದೀಪ ಅವರ ಹತ್ತಿರ ಇತ್ತು. ಅದರ ಕೆಳಗೆ ಪಂಚೆ ಹಿಡಿದರೆ ಅದು ಮಿಣುಕು ಹುಳದ ಹಾಗೆ ನೀಲಿಯಾಗಿ ಹೊಳೆಯಿತು. "ಇದು ಬಿಳಿಯಲ್ಲ, ನೀಲಿ. ನಿಮ್ಮ ತಾಯಿ ದಿನಾ ನಿಮ್ಮ ತಂದೆಯವರಿಗೆ ಒಂದು ಸುಳ್ಳು ಉಡಿಸಿ ಆಫೀಸಿಗೆ ಕಳಿಸ್ತಿದಾರೆ." ಕಾಡಿಗೆಯನ್ನು ಬೆರಳ ತುದಿಗೆ ಹಚ್ಚಿಕೊಂಡು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. "ಇದು ಕಪ್ಪು" ಎಂದರು. ಕೆಲಸ ಸಿಕ್ಕಿತು. ಅಪ್ಪನಿಗೆ ಪಂಚೆಯ ವಿಷಯ ಹೇಳಲಿಲ್ಲ.

ಫೋಟೋ ಕಾಗದದಲ್ಲೂ ಇದೇ ನೀಲಿ ಇರುತ್ತದೆ. ಕಾಗದ ಬೆಳ್ಳಗೆ ಕಾಣಲೆಂದು ಗಿರಣಿಯವರು ಒಂದು ಪುಡಿ ಸೇರಿಸುತ್ತಾರೆ. ಅಂಗಡಿಯಲ್ಲಿ ಹಾಲಿನ ಹಾಗೆ ಕಂಡದ್ದು ನಾಲ್ಕಾರು ವರ್ಷ ಗೋಡೆಯ ಮೇಲಿದ್ದರೆ ಹಳೇ ಹಲ್ಲಿನ ಬಣ್ಣಕ್ಕೆ ಬರುತ್ತದೆ. ಅವರಿಗೆ ಬೇಕಾದದ್ದು ಪುಡಿಯಿಲ್ಲದ ಬಿಳಿ, ಮತ್ತು ಆ ಬಿಳಿಯ ಮೇಲೆ ತಳ ಕಾಣದ ಕಪ್ಪು. ಇವೆರಡರ ನಡುವೆ ಎಷ್ಟು ದೂರವಿದೆಯೋ ಅಷ್ಟೇ ಚಿತ್ರಕ್ಕೆ ಇರುವ ಜಾಗ ಎನ್ನುತ್ತಿದ್ದರು.

ಕಪ್ಪನ್ನು ಪರೀಕ್ಷಿಸಲು ಒಂದು ಚಪ್ಪಲಿ ಪೆಟ್ಟಿಗೆ ಇತ್ತು. ಒಳಗೆಲ್ಲ ಕಪ್ಪು ಮಖಮಲ್ಲು ಅಂಟಿಸಿ, ಮುಚ್ಚಳದಲ್ಲಿ ರೂಪಾಯಿ ಅಗಲದ ಒಂದು ತೂತು ಮಾಡಿದ್ದರು. ಆ ತೂತಿನಲ್ಲಿ ಹೋದ ಬೆಳಕು ವಾಪಸ್ಸು ಬರುವುದಿಲ್ಲ. ಅದಕ್ಕಿಂತ ಕಪ್ಪನೆಯ ಶಾಯಿ ಜಗತ್ತಿನಲ್ಲಿಲ್ಲ. ಯಾರಾದರೂ ತಮ್ಮ ಪ್ರಿಂಟ್ ತಂದು ಹೆಮ್ಮೆಯಿಂದ ತೋರಿಸಿದರೆ ಅದನ್ನು ಆ ತೂತಿನ ಪಕ್ಕ ಇಡುತ್ತಿದ್ದರು, ಅಷ್ಟೇ. ಎಂಥ ಕಪ್ಪೂ ಒಲೆ ಬೂದಿಯಾಗುತ್ತಿತ್ತು. ಕಾಡುಪ್ರಾಣಿಗಳ ಫೋಟೋ ತೆಗೆಯುತ್ತಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ತಿಲಕ್ ನಗರದಿಂದ ಬರುತ್ತಿದ್ದರು. ರಾತ್ರಿ ನೀರಿಗೆ ಬಂದ ಆನೆಯ ಚಿತ್ರವನ್ನು ಬೇರೆ ಕಡೆ ಪ್ರಿಂಟ್ ಹಾಕಿಸಿ, ಹೇಗಿದೆ ಸಾರ್ ಎಂದು ತಂದರು. ಇವರು ತೂತಿನ ಪಕ್ಕ ಇಟ್ಟರು. "ಕತ್ತಲಲ್ಲಿ ಆನೆ ನಿಂತಿದೆ ಅಂತ ನೀವು ಹೇಳ್ತಿದೀರ. ಇಲ್ಲಿ ಆನೆ ವಿಭೂತಿ ಬಳ್ಕೊಂಡು ಸನ್ಯಾಸ ತಗೊಂಡಿದೆ. ನೀವೂ ತಗೋಬಹುದು ಇವ್ರೇ, ವಯಸ್ಸಾಯ್ತಲ್ಲ." ಅಲ್ಲಿದ್ದವರೆಲ್ಲ ನಕ್ಕರು. ಎಂಜಿನಿಯರೂ ನಕ್ಕರು, ಸ್ವಲ್ಪ ತಡವಾಗಿ.

ಆದರೂ ಜನ ಬರುತ್ತಿದ್ದರು. ಅವರು ಹಾಕಿದ ಪ್ರಿಂಟ್ ಬೇರೆಲ್ಲೂ ಸಿಗುತ್ತಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಇಷ್ಟು ಕಟುವಾಗಿ ಮಾತಾಡುವವರು ಸುಳ್ಳು ಹೇಳಲಾರರು ಎಂಬ ನಂಬಿಕೆ. ಸಿಹಿ ಮಾತಾಡುವ ಅಂಗಡಿಯವನು ಮಾರಲು ಮಾತಾಡುತ್ತಾನೆ; ಬೈಯುವವನಿಗೆ ಲಾಭವೇನು? ನಮ್ಮ ಕಡೆ ಇದು ದೊಡ್ಡ ಗುಣ. ಮೂತಿಗೆ ಹೊಡೆದ ಹಾಗೆ ಹೇಳ್ತಾರಪ್ಪ, ಹೊಟ್ಟೇಲಿ ಏನೂ ಇಲ್ಲ ಎಂದು ಮೆಟ್ಟಿಲಿಳಿಯುತ್ತ ಮೂಗು ಒರೆಸಿಕೊಳ್ಳುತ್ತಿದ್ದರು.

ಎರಡನೇ ಶನಿವಾರ ಮಧ್ಯಾಹ್ನ ಸ್ಟುಡಿಯೋದವರು, ಹವ್ಯಾಸಿಗಳು ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಮಾರುಕಟ್ಟೆಗೆ ಹೊಸ ಕಾಗದ ಬಂದರೆ ಅವತ್ತು ಅದರ ಪರೀಕ್ಷೆ. ಇವರು ಒಪ್ಪಿದ ಕಾಗದವನ್ನು ದಕ್ಷಿಣ ಬೆಂಗಳೂರಿನ ಸ್ಟುಡಿಯೋಗಳು ತರಿಸುತ್ತಿದ್ದವು, ಒಪ್ಪದ್ದನ್ನು ಮುಟ್ಟುತ್ತಿರಲಿಲ್ಲ. ಒಪ್ಪಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ. ಹೆಂಡತಿ ಮೇಲಿನಿಂದ ಕಳಿಸಿದ ಕಾಫಿಯ ಲೋಟವನ್ನು ಆ ಹಾಳೆಯ ಮೇಲೆ ಇಟ್ಟುಬಿಡುತ್ತಿದ್ದರು.

ಇನ್ನು ಮುನಿರಾಜು ವಿಷಯ. ಅವರನ್ನು ಬಿಟ್ಟು ಇವರ ಚಿತ್ರ ಬರೆಯಲಾಗುವುದಿಲ್ಲ.

ಮುನಿರಾಜು ಸುದ್ದಗುಂಟೆಪಾಳ್ಯದ ಹಳೇ ಮನೆತನದವರು. ಹೊಲ ಹೋಗಿ ಲೇಔಟಾದ ಮೇಲೆ ಉಳಿದ ಜಾಗದಲ್ಲಿ ಅಣ್ಣಂದಿರು ನಾಲ್ಕು ಮಹಡಿ ಕಟ್ಟಿ, ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಬಂದ ಆಫೀಸಿನ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಒಂದನೇ ತಾರೀಕು ಬಾಡಿಗೆ ಎತ್ತುವುದು, ನೀರಿನ ಟ್ಯಾಂಕು ನೋಡಿಕೊಳ್ಳುವುದು ಕಿರಿಯನಾದ ಮುನಿರಾಜುವಿನ ಪಾಲಿಗೆ. ವಯಸ್ಸು ಮೂವತ್ತೈದು ದಾಟಿತ್ತು. ಬಾಡಿಗೆಯವರ ಎದುರಿನಲ್ಲೇ ಅಣ್ಣಂದಿರು ಅವರನ್ನು ವಾಚ್‌ಮನ್ ಎಂದು ಕರೆಯುತ್ತಿದ್ದರು.

ಅವರು ಮೊದಲ ಸಲ ಬಂದದ್ದು ತೀರಿಹೋದ ತಾಯಿಯ ಒಂದು ಚಿಕ್ಕ ಫೋಟೋ ಹಿಡಿದುಕೊಂಡು. ರಾಗಿ ಹೊಲದಲ್ಲಿ ಕುಡುಗೋಲು ಹಿಡಿದು ನಿಂತ ಹೆಂಗಸು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ. ಎರಡು ಸ್ಟುಡಿಯೋಗಳಲ್ಲಿ ದೊಡ್ಡದು ಮಾಡಿಸಿದ್ದರಂತೆ. ಇಬ್ಬರೂ ಕೇಳದೆಯೇ ಮುಖ ಬೆಳ್ಳಗೆ ಮಾಡಿ ಕೊಟ್ಟಿದ್ದರು. "ನಮ್ಮವ್ವ ಯಾರೋ ಬ್ಯಾಂಕ್ ಮೇನೇಜರ್ ಹೆಂಡ್ತಿ ಇದ್ದಂಗವ್ಳೆ ಸಾರ್" ಎಂದರು. ಇವರು ಮೂರು ಬಗೆಯ ಕಾಗದದಲ್ಲಿ ಹಾಕಿ ನೋಡಿ ಎರಡನ್ನು ಹರಿದರು. ಮೂರನೆಯದರಲ್ಲಿ ಆ ತಾಯಿಯ ಕೆನ್ನೆ, ಕೊರಳು, ಕುಡುಗೋಲು ಹಿಡಿದ ಮುಂಗೈ ಎಲ್ಲ ಅದರದರ ಕಪ್ಪಿನಲ್ಲಿ ಬಂದಿದ್ದವು, ಒಂದೊಂದು ಕಪ್ಪೂ ಬೇರೆ. ಮುನಿರಾಜು ಬಗ್ಗಿ ನೋಡಿದರು. ಇದು ನಮ್ಮವ್ವ ಸಾರ್ ಎಂದು ಆಮೇಲೆ ಹೇಳಿದರು. ಇವರು, ನಿಮ್ಮವ್ವನೋ ಅಲ್ಲವೋ ನನಗೆ ಗೊತ್ತಿಲ್ಲ, ಕಪ್ಪು ಸರಿ ಇದೆ ಎಂದರು.

ಅಲ್ಲಿಂದ ಮುನಿರಾಜು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತು ಕೇಳುತ್ತಿದ್ದರು. ಕಾಗದವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತೂಕ ಹೇಳುವುದನ್ನು ಕಲಿತರು. ಎರಡು ವರ್ಷ ಕಳೆದ ಮೇಲೆ ಒಂದು ದಿನ, ಹೊಸದಾಗಿ ಶುರುವಾದ ಒಂದು ಗಿರಣಿಯ ಫೋಟೋ ಕಾಗದದ ಏಜೆನ್ಸಿ ಹಿಡಿದಿರುವುದಾಗಿ ಬಂದು ಹೇಳಿದರು. ಕಾಗದಕ್ಕೆ ತೇವ ತಾಗಬಾರದು ಎಂದು ನೆಲಮಹಡಿಯ ಒಂದು ಕೋಣೆಗೆ ಏಸಿ ಹಾಕಿಸಿದ್ದರು. ಅಣ್ಣಂದಿರು ಏಜೆನ್ಸಿ ಇರುವವರೆಗೆ ಆ ಕೋಣೆ ಬಿಟ್ಟುಕೊಡುವುದಕ್ಕೆ ಬದಲಾಗಿ ಮೂರನೇ ಮಹಡಿಯಲ್ಲಿದ್ದ ಅವರ ಪಾಲನ್ನು ಬರೆಸಿಕೊಂಡರು. ಕಂಪನಿಯ ಷರತ್ತು ಒಂದೇ: ಯುಗಾದಿಯೊಳಗೆ ಈ ಕಡೆಯ ಸ್ಟುಡಿಯೋಗಳಿಂದ ಆರ್ಡರ್ ಬರಬೇಕು, ಇಲ್ಲದಿದ್ದರೆ ಏಜೆನ್ಸಿ ವಾಪಸ್ಸು. ಆರ್ಡರ್ ಬರಬೇಕಾದರೆ ಇವರು ಒಪ್ಪಬೇಕು. "ಇದೂ ಹೋದ್ರೆ ಮತ್ತೆ ಟ್ಯಾಂಕ್ ಹತ್ತದೇಯ ಮೇಡಂ" ಎಂದು ಮುನಿರಾಜು ನನ್ನ ಹತ್ತಿರ ನಗುತ್ತಲೇ ಹೇಳಿದ್ದರು.

ಅದೇ ವರ್ಷ ಇವರು ಒಂದು ಮೀಟರು ತರಿಸಿದ್ದರು. ಅಂಗೈಯಲ್ಲಿ ಹಿಡಿಯುವಂಥದ್ದು. ಕಾಗದದ ಮೇಲಿಟ್ಟು ಒತ್ತಿದರೆ ಎಷ್ಟು ಬಿಳಿ, ಎಷ್ಟು ಹಳದಿ, ಎಷ್ಟು ನೀಲಿ, ಕಪ್ಪು ಎಷ್ಟು ಆಳ ಎಲ್ಲವನ್ನೂ ಅಂಕಿಯಲ್ಲಿ ಹೇಳುತ್ತದೆ. ಅದರ ಜೊತೆಗೆ ಒಂದು ಬಿಳಿ ಪಿಂಗಾಣಿ ಬಿಲ್ಲೆ. ದಿನಾ ಬೆಳಿಗ್ಗೆ ಮೀಟರನ್ನು ಮೊದಲು ಆ ಬಿಲ್ಲೆಯ ಮೇಲಿಡಬೇಕು. ಬಿಳಿ ಎಂದರೆ ಇದು ಎಂದು ಅದು ಅಲ್ಲಿ ಕಲಿತುಕೊಳ್ಳುತ್ತದೆ. ಅಂಗಡಿಯಲ್ಲಿದ್ದ ಎಲ್ಲ ಕಾಗದಗಳನ್ನೂ ಅಳೆದು ಅಂಕಿಗಳನ್ನು ಗೋಡೆಯ ಮೇಲೆ ಒಂದು ಚಾರ್ಟಿನಲ್ಲಿ ಬರೆಸಿದರು. ಅವತ್ತಿನಿಂದ ಅವರ ಮಾತು ಇನ್ನೂ ಚಿಕ್ಕದಾಯಿತು. ಮೊದಲು ಉಪಮೆ ಹುಡುಕಿ ಬೈಯುತ್ತಿದ್ದರು. ಈಗ ಅಂಕಿ ಹೇಳಿ ಸುಮ್ಮನಾಗುತ್ತಿದ್ದರು.

ಆಮೇಲೆ ಆಯುಧಪೂಜೆ ಬಂತು. ನಮ್ಮ ಊರಿನಲ್ಲಿ ಅವತ್ತು ಬಸ್ಸಿನ ಚಕ್ರದಿಂದ ಆಸ್ಪತ್ರೆಯ ಎಕ್ಸ್‌ರೇ ಯಂತ್ರದವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಬೀಳಬೇಕು. ವರ್ಷಕ್ಕೊಂದು ದಿನ ಯಂತ್ರಗಳಿಗೆಲ್ಲ ಸಾಮೂಹಿಕ ಅಪಘಾತ ಎಂದು ಇವರು ಅದಕ್ಕೆ ಹೆದರುತ್ತಿದ್ದರು, ಆದರೆ ಪೂಜೆ ಬಿಡುವ ಧೈರ್ಯ ಅವರಿಗೂ ಇರಲಿಲ್ಲ. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಮಡಿಯುಟ್ಟು ತಾವೇ ಮಾಡಿದರು. ಪ್ರಿಂಟರುಗಳಿಗೆ ಬರೀ ಹೂವು. ಮೀಟರಿನ ಪೆಟ್ಟಿಗೆ ತೆರೆದು, ಮುಚ್ಚಳದ ಹೊರಗೆ ಕಲಸಿದ ಅರಿಶಿನದ ಒಂದು ಬೊಟ್ಟು, ಅದರ ಮೇಲೆ ಕುಂಕುಮ. ಒಳಗಿದ್ದ ಬಿಲ್ಲೆಯ ಮೇಲೆ ಒಂದು ಧೂಳಿನ ಕಣ ಕಂಡಿರಬೇಕು. ಉಟ್ಟ ಪಂಚೆಯ ಚುಂಗನ್ನು ಅದೇ ಬೆರಳಿಗೆ ಸುತ್ತಿ, ಸಾಲಿಗ್ರಾಮ ಒರೆಸಿದಷ್ಟು ಮೆತ್ತಗೆ ಒರೆಸಿ, ಮುಚ್ಚಿ, ಕೈಮುಗಿದರು. ನೋಡುತ್ತಿದ್ದ ನಮಗೆಲ್ಲ ಅದು ಶುಚಿಯಾಗಿಯೇ ಕಂಡಿತು. ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅರಿಶಿನ ಕೂತಿತು. ಮರುದಿನದಿಂದ ಮೀಟರು ಆ ಹಳದಿಯನ್ನೇ ಬಿಳಿಯೆಂದು ಕಲಿಯತೊಡಗಿತು. ಹಳದಿಯನ್ನು ಬಿಳಿ ಎಂದುಕೊಂಡವರಿಗೆ ನಿಜವಾದ ಬಿಳಿ ನೀಲಿಯಾಗಿ ಕಾಣುತ್ತದೆ. ಇದೆಲ್ಲ ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಮುನಿರಾಜು ಕಾಗದದ ಪರೀಕ್ಷೆ ನಡೆದದ್ದು ದೀಪಾವಳಿಗೆ ಮೊದಲಿನ ಶನಿವಾರ. ಅವರು ಇಸ್ತ್ರಿ ಮಾಡಿದ ಬೂದು ಅಂಗಿ ತೊಟ್ಟು ಬಂದಿದ್ದರು, ಕೋಟಿನ ಅಗತ್ಯ ಬೀಳದ ಹಾಗೆ. ಪರೀಕ್ಷೆಗೆಂದು ಆ ಕಾಗದದಲ್ಲಿ ತಾಯಿಯ ಫೋಟೋವನ್ನೇ ಪ್ರಿಂಟ್ ಹಾಕಿಸಿಕೊಂಡು ತಂದಿದ್ದರು. ಮೊದಲು ಕಪ್ಪು. ಇವರು ಪೆಟ್ಟಿಗೆಯ ತೂತಿನ ಪಕ್ಕ ಇಟ್ಟು ನೋಡಿದರು, ಮೀಟರು ಒತ್ತಿದರು. ಆಳ ಇದೆ ಎಂದರು. ಹೊಸ ಕಾಗದಕ್ಕೆ ಅವರು ಹಾಗೆಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ಬಿಳಿ. ನೇರಳೆ ದೀಪದ ಕೆಳಗೆ ಕಾಗದ ಹೊಳೆಯದೆ ಮಂಕಾಗಿ ಬಿದ್ದಿತ್ತು. ಅದು ಒಳ್ಳೆಯ ಲಕ್ಷಣ. ಮುನಿರಾಜು ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದರು. ಇವರು ಮೀಟರು ಒತ್ತಿದರು, ಗೋಡೆಯ ಚಾರ್ಟು ನೋಡಿದರು, ಇನ್ನೊಂದು ಮೂಲೆಯಲ್ಲಿ ಒತ್ತಿದರು.

"ನೀಲಿ" ಎಂದರು.

"ದೀಪದಾಗೆ ಹೊಳೀಲಿಲ್ವಲ್ಲ ಸಾರ್."

"ದೀಪ ನಾನು ಚಿಕ್ಕಪೇಟೆ ಫುಟ್‌ಪಾತಲ್ಲಿ ತಂದಿದ್ದು. ದೀಪಕ್ಕೂ ಕಾಣದ ಹಾಗೆ ನೀಲಿ ಬೆರೆಸಿದಾರೆ ಅಂದ್ರೆ ಜಾಣರು ನಿಮ್ಮ ಕಂಪನಿಯವರು. ಬೆಂಗಳೂರನ್ನೆಲ್ಲ ಬಿಟ್ಟು ನಿಮ್ಮನ್ನ ಹುಡುಕ್ಕೊಂಡು ಬಂದು ಏಜೆನ್ಸಿ ಕೊಟ್ರಲ್ಲ, ಆಗಲೇ ನನಗೆ ಹೊಳೀಬೇಕಿತ್ತು."

ಎಲ್ಲರೂ ನಕ್ಕರು. ಇನ್ನೊಂದ್ಸಲ ಒತ್ತಿ ನೋಡಿ ಸಾರ್ ಎಂದು ಮುನಿರಾಜು ಕೇಳಿಕೊಂಡರು. ಇವರು ಒತ್ತಲಿಲ್ಲ. ಒಳ್ಳೇ ಕಪ್ಪಿಗೆ ಕಳ್ಳ ಬಿಳಿ ಗಂಟುಬಿದ್ದಿದೆ ಎಂದು ಹೇಳಿ, ಲೋಟವನ್ನು ಚಿತ್ರದ ಕೆಳಗಿನ ಬಿಳಿ ಅಂಚಿನ ಮೇಲಿಟ್ಟರು. ಲೋಟದ ತಳ ಒದ್ದೆಯಿತ್ತು. ಕಾಫಿ ಅಂಚಿನಿಂದ ಮೇಲಕ್ಕೆ ಹರಿದು ಆ ತಾಯಿಯ ಪಾದದವರೆಗೆ ಹೋಯಿತು. ಇವರು ಅದನ್ನು ಆಸಕ್ತಿಯಿಂದ ನೋಡಿದರು. "ಹೀರೋದು ಮಾತ್ರ ಚೆನ್ನಾಗಿ ಹೀರತ್ತೆ. ಹೋಟ್ಲಿನವರಿಗೆ ಕೊಡಿ ಇವ್ರೇ, ಟೇಬಲ್ ಒರೆಸ್ಕೋತಾರೆ."

ಮುನಿರಾಜು ಲೋಟವನ್ನು ಎತ್ತಿ, ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ಪ್ರಿಂಟನ್ನು ಸುತ್ತಿಕೊಂಡು, ಬರ್ತೀನಿ ಸಾರ್ ಎಂದು ಹೋದರು. ಅಳಲಿಲ್ಲ. ಆ ಹದಿನೇಳರಲ್ಲಿ ಅವರಿಲ್ಲ.

ಚಾರ್ಟಿನಲ್ಲಿದ್ದ ಹಳೆಯ ಕಾಗದಗಳ ಅಂಕಿಗಳೆಲ್ಲ ಪೂಜೆಗೆ ಮೊದಲು ಅಳೆದವು, ಮುನಿರಾಜು ಕಾಗದದ್ದು ಪೂಜೆಯಾದ ಮೇಲಿನದು. ಹಳೆಯದೊಂದನ್ನು ಅವತ್ತು ಮತ್ತೆ ಒತ್ತಿ ನೋಡಿದ್ದರೆ ಅದೂ ನೀಲಿಯೆಂದೇ ಬರುತ್ತಿತ್ತು. ಅಳೆದದ್ದನ್ನು ಎರಡನೆಯ ಸಲ ಅಳೆಯುವುದು ಅನುಮಾನದವರ ಕೆಲಸ ಎಂದು ಅವರು ತಿಳಿದಿದ್ದರು.

ಯಾವ ಸ್ಟುಡಿಯೋದವರೂ ಆ ಕಾಗದ ತರಿಸಲಿಲ್ಲ. ಮುನಿರಾಜು ಬೈಕಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಜೆ.ಪಿ. ನಗರ, ಬನಶಂಕರಿ ಎಲ್ಲ ಸುತ್ತಿದರು. ಹೋದಲ್ಲೆಲ್ಲ, ಕಾಫಿ ಕುಡಿದು ಹೋಗಿ ಎನ್ನುತ್ತಿದ್ದರಂತೆ. ಅದು ಅಷ್ಟರಲ್ಲಿ ಎಲ್ಲರ ಬಾಯಲ್ಲೂ ತಮಾಷೆಯಾಗಿತ್ತು. ಯುಗಾದಿಗೆ ಏಜೆನ್ಸಿ ಹೋಯಿತು. ಏಸಿ ಕೋಣೆಗೆ ಅಣ್ಣಂದಿರು ಎರಡು ಮಂಚ ಹಾಕಿ ಬಾಡಿಗೆಗೆ ಬಿಟ್ಟರು. ಆ ಬಾಡಿಗೆ ಎತ್ತುವ ಕೆಲಸವೂ ಮುನಿರಾಜುವಿನದೇ ಆಯಿತು. ಈ ಸುದ್ದಿಯನ್ನು ನಾನು ಅಂಗಡಿಯಲ್ಲಿ ಹೇಳಿದಾಗ ಇವರು, ಬಾಡಿಗೆಯಲ್ಲಿ ನೀಲಿ ಬೆರೆಸೋಕಾಗಲ್ಲ, ಅದೇ ಒಳ್ಳೇದು ಅವರಿಗೆ ಎಂದರು.

ಮುಂದಿನ ಜೂನ್‌ನಲ್ಲಿ ಹೊಸ ಪ್ರಿಂಟರ್ ಬಂತು. ಅದಕ್ಕೆ ನಮ್ಮ ಹಳೆಯ ಕಾಗದವನ್ನು ಹೊಂದಿಸಲು ಇವರು ಮೀಟರು ಹಿಡಿದು ಕೂತರು. ಬೂದು ಬಣ್ಣ ಬರಬೇಕಾದ ಕಡೆ ಹಳದಿ ಬಂತು. ಶಾಯಿ ಬದಲಾಯಿಸಿದರು, ಪ್ರಿಂಟರ್ ಕಂಪನಿಯವನನ್ನು ಕರೆಸಿ ಬೈದರು, ವೋಲ್ಟೇಜ್ ಅಂದರು. ಕೊನೆಗೆ ನನ್ನ ಕಡೆ ತಿರುಗಿ, ನಿಮಗೆ ಕಾಮಾಲೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಪರದೆಯ ಮುಂದೆ ಕೂರಬೇಡಿ ಎಂದರು. ನಾನು ಮಾಡಿಸಿದೆ. ಏನೂ ಇರಲಿಲ್ಲ. ರಿಪೋರ್ಟನ್ನು ಅವರ ಮೇಜಿನ ಮೇಲಿಟ್ಟು, ಗೋಡೆಯ ಚಾರ್ಟಿನಲ್ಲಿರುವ ಹಳೇ ಕಾಗದವನ್ನೇ ಒಮ್ಮೆ ಒತ್ತಿ ನೋಡೋಣ ಸಾರ್ ಎಂದೆ. ಒತ್ತಿದರು. ಐದು ವರ್ಷದಿಂದ ಹೊಗಳುತ್ತಿದ್ದ ಕಾಗದ, ನೀಲಿ ಎಂದು ತೋರಿಸಿತು. ಮತ್ತೆ ಮತ್ತೆ ಒತ್ತಿದರು. ಆಮೇಲೆ ಬಿಲ್ಲೆಯನ್ನು ಹೊರಗೆ ತೆಗೆದು ಫುಟ್‌ಪಾತಿನ ನೇರಳೆ ದೀಪದ ಕೆಳಗೆ ಹಿಡಿದರು. ಒಂದು ಪಕ್ಕದಲ್ಲಿ ಬೆರಳು ಎಳೆದ ಗುರುತು ಹಸಿರುಹಳದಿಯಾಗಿ ಉರಿಯಿತು.

"ಅರಿಶಿನ ಯಾರು ಹಚ್ಚಿದ್ದು?"

"ನೀವೇ ಸಾರ್. ನಮ್ಮನ್ನ ಮುಟ್ಟಕ್ಕೇ ಬಿಡ್ಲಿಲ್ಲ."

ಅವರು ಸ್ಪಿರಿಟ್ಟಿನಲ್ಲಿ ಬಿಲ್ಲೆ ತೊಳೆದರು. ಅರಳೆ ಹಳದಿಯಾಗುವುದು ನಿಲ್ಲುವವರೆಗೆ ತೊಳೆದರು. ಆಮೇಲೆ ಸ್ಯಾಂಪಲ್ಲಿನ ಕಪಾಟಿನಿಂದ ಮುನಿರಾಜು ಕೊಟ್ಟಿದ್ದ ಖಾಲಿ ಹಾಳೆಯೊಂದನ್ನು ತೆಗೆದು ಅಳೆದರು. ಅಂಗಡಿಯಲ್ಲಿದ್ದ ಎಲ್ಲ ಕಾಗದಗಳಿಗಿಂತ ಶುದ್ಧವಾದ ಬಿಳಿ ಅದರದು. ಅಂಕಿಯನ್ನು ಚಾರ್ಟಿನಲ್ಲಿ ತಾವೇ ಬರೆದು, ಚಪ್ಪಲಿ ಮೆಟ್ಟಿಕೊಂಡು, "ಅವರ ಮನೆ ಎಲ್ಲಿ, ತೋರಿಸಿ ಬನ್ನಿ" ಎಂದರು.

ಆಟೋದಲ್ಲಿ ಹೋದೆವು. ಮುನಿರಾಜು ಟೆರೇಸಿನಲ್ಲಿ, ಪ್ಯಾಂಟು ಮಡಿಸಿಕೊಂಡು ಟ್ಯಾಂಕಿನೊಳಗೆ ಇಳಿದು ತಿಕ್ಕುತ್ತಿದ್ದರು. ಇವರು ಟ್ಯಾಂಕಿನ ಹೊರಗೆ ನಿಂತು, ಮುಖ ಕಾಣದವರ ಜೊತೆ ಮಾತಾಡಿದ ಹಾಗೆ, ಅರಿಶಿನದ ವಿಷಯವನ್ನೆಲ್ಲ ವರದಿ ಓದಿದಂತೆ ಹೇಳಿದರು. ಕ್ಷಮಿಸಿ ಎಂಬ ಪದ ಅದರಲ್ಲಿ ಇರಲಿಲ್ಲ. ಒಳಗೆ ಬ್ರಷ್ಷಿನ ಸದ್ದು ನಿಂತಿತು.

"ನಂಗ್ಯಾಕೆ ಹೇಳ್ತೀರ ಸಾರ್, ನಮ್ ಕಾಗ್ದ ಎಂಗೈತೆ ಅಂತ ನಂಗೊತ್ತಿತ್ತು" ಎಂದು ಮುನಿರಾಜು ಒಳಗಿನಿಂದಲೇ ಹೇಳಿದರು. "ಅವತ್ತು ನಕ್ರಲ್ಲ, ಅವ್ರಿಗ್ ಹೇಳಿ."

ಕಂಪನಿಯವರು ಈ ಕಡೆಗೆ ಇನ್ನೂ ಬೇರೆ ಯಾರನ್ನೂ ನೇಮಿಸಿರಲಿಲ್ಲ. ಸ್ಟುಡಿಯೋಗಳು ಆರ್ಡರ್ ಕೊಟ್ಟರೆ ಏಜೆನ್ಸಿ ಮತ್ತೆ ಸಿಗುವ ಹಾಗಿತ್ತು. ಮುಂದಿನ ಎರಡನೇ ಶನಿವಾರ ಎಲ್ಲರನ್ನೂ ಕರೆಯುವಂತೆ ಇವರು ನನಗೆ ಹೇಳಿದರು. ಮುನಿರಾಜು ಬಂದು ಬಾಗಿಲ ಹತ್ತಿರ ನಿಂತರು, ಅದೇ ಬೂದು ಅಂಗಿಯಲ್ಲಿ.

ಇವರು ನಿಂತುಕೊಂಡೇ ಮಾತಾಡಿದರು. ಮೀಟರಿನ ತಪ್ಪು, ಬಿಲ್ಲೆಯ ತಪ್ಪು ಎಂದು ಸುತ್ತಿ ಬಳಸಲಿಲ್ಲ. "ತಪ್ಪು ನನ್ನದು. ಈ ಕಾಗದ ನಮ್ಮಲ್ಲಿರೋದರಲ್ಲೆಲ್ಲ ಶ್ರೇಷ್ಠ, ಬಿಳಿಯಲ್ಲೂ ಕಪ್ಪಲ್ಲೂ. ದೀಪ ನಿಜ ಹೇಳ್ತಿತ್ತು, ಇವರೂ ನಿಜ ಹೇಳಿದ್ರು. ನೀವು ಅಷ್ಟು ಜನ ಕಣ್ಣಿದ್ದು ನನ್ನ ಮಾತು ಕೇಳಿದ್ರಿ, ಆ ದಡ್ಡತನ ಮಾತ್ರ ನಿಮ್ಮದು. ಇವತ್ತೇ ಆರ್ಡರ್ ಬರೆದು ಕೊಡಿ."

ಒಬ್ಬರು ಇನ್ನೊಬ್ಬರ ಮುಖ ನೋಡಿದರು, ಆಮೇಲೆ ಬಾಗಿಲ ಹತ್ತಿರವಿದ್ದ ಮುನಿರಾಜುವನ್ನು ನೋಡಿದರು. ತಿಲಕ್ ನಗರದ ಎಂಜಿನಿಯರು ಕೋಟಿನ ಗುಂಡಿ ಬಿಚ್ಚುತ್ತ ಕೇಳಿದರು:

"ಎಷ್ಟು ಪರ್ಸೆಂಟ್ ಸಾರ್?"

ಇವರಿಗೆ ಅರ್ಥವಾಗಲಿಲ್ಲ. ಯಾವುದರ ಪರ್ಸೆಂಟ್, ಬಿಳಿಯದೋ ಕಪ್ಪಿನದೋ ಎಂದು ಕೇಳಿದರು, ಮತ್ತು ಮೀಟರು ಕೈಗೆ ತೆಗೆದುಕೊಂಡರು. ಕೋಣೆ ತುಂಬ ನಗು. ಅಷ್ಟು ದೊಡ್ಡ ನಗುವನ್ನು ನಾನು ಆ ಅಂಗಡಿಯಲ್ಲಿ ಕೇಳಿರಲಿಲ್ಲ. ಎಲ್ಲರ ಎದುರಿಗೇ ಅಳೆದು ತೋರಿಸುತ್ತೇನೆ ಎಂದರು ಇವರು. ಮೀಟರ್ ನಿಮ್ದೇ ಅಲ್ವಾ ಸಾರ್ ಎಂದು ಯಾರೋ ಹಿಂದಿನಿಂದ ಅಂದರು. ಪಾಳ್ಯದವರ ಕೈ ದೊಡ್ಡದು, ಸೈಟೇ ಬರೆದುಕೊಟ್ಟಿರಬೇಕು ಎಂದು ಇನ್ನೊಬ್ಬರು. ವರ್ಷಗಟ್ಟಲೆ ನುಂಗಿದ್ದನ್ನೆಲ್ಲ ಅವರು ಅವತ್ತು ಹತ್ತು ನಿಮಿಷದಲ್ಲಿ ಉಗುಳಿ, ಗೌರವದಿಂದ ನಮಸ್ಕಾರ ಮಾಡಿ, ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಒಂದು ಆರ್ಡರೂ ಬರಲಿಲ್ಲ.

ಮುನಿರಾಜು ಕೊನೆಗೆ ಉಳಿದರು. ಇವರು ಮೀಟರು ಹಿಡಿದುಕೊಂಡೇ ನಿಂತಿದ್ದರು.

"ನೀವು ಬೈದಾಗ ದೇವ್ರು ಹೇಳ್ದಂಗೆ ನಂಬುದ್ರು ಸಾರ್. ಒಳ್ಳೇದ್ ಹೇಳಕ್ ನಿಮ್ಗೆ ಬರಾಕಿಲ್ಲ. ನಿಮ್ ಬಾಯಲ್ಲಿ ಅದು ಕಾಸಿಸ್ಕಂಡಂಗೇ ಕೇಳ್ಸದು. ನೀವು ಬಂದು ಹೇಳ್ದಿದ್ರೇ ಚೆನ್ನಾಗಿತ್ತು, ನಮ್ ಕಾಗ್ದ ಕೆಟ್ಟುದ್ದು ಅಂತಾನಾದ್ರೂ ಅಂತಿದ್ರು. ಈಗ ನಾನು ಲಂಚ ಕೊಟ್ಟೋನೂ ಆದೆ."

ಇವರು ಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು.

ಎರಡನೇ ಶನಿವಾರಗಳು ಅಲ್ಲಿಗೆ ನಿಂತವು. ಕಮಿಷನ್ ತಿನ್ನುವವರ ಹತ್ತಿರ ಬೈಸಿಕೊಳ್ಳಲು ಯಾರು ಬರುತ್ತಾರೆ? ಪ್ರಿಂಟ್ ಹಾಕಿಸುವವರು ಒಬ್ಬೊಬ್ಬರೇ ಬಿಟ್ಟರು. ಇವರು ಮಾತ್ರ ಮಾರಾಟವಾಗದೆ ಮುನಿರಾಜು ಹತ್ತಿರ ಉಳಿದಿದ್ದ ಪೆಟ್ಟಿಗೆಗಳನ್ನು ತರಿಸಿ ಎಲ್ಲ ಪ್ರಿಂಟುಗಳನ್ನೂ ಅದೇ ಕಾಗದದಲ್ಲಿ ಹಾಕಿಕೊಟ್ಟರು, ಮುಗಿಯುವವರೆಗೆ. ಗಿರಾಕಿಗಳು ಅದನ್ನೂ ಸಾಕ್ಷಿ ಎಂದು ತೋರಿಸಿದರು. ಕಳೆದ ವರ್ಷದ ಮಳೆಗಾಲದಲ್ಲಿ ಅಂಗಡಿ ಮುಚ್ಚಿತು, ನನ್ನ ಕೆಲಸವೂ ಹೋಯಿತು. ಮುನಿರಾಜು ಅಣ್ಣಂದಿರಿಂದ ಬೇರೆಯಾಗಿ ಅಂಜನಾಪುರದ ಕಡೆ ಹೋದರು ಎಂದು ಕೇಳಿದ್ದೇನೆ. ಪಾಳ್ಯದ ಮನೆಯಲ್ಲಿ ವಿಳಾಸ ಕೇಳಿದರೆ, ಯಾವ ವಾಚ್‌ಮನ್ ಎಂದು ನಕ್ಕರು.

ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಹಳೇ ಶನಿವಾರದವರು ನಾಲ್ಕೈದು ಜನ ಪಂಕ್ತಿಯಲ್ಲಿ ಕೂತು ಚೆನ್ನಾಗಿ ಉಂಡರು. ಎಂಥ ಮನುಷ್ಯ, ಕೊನೆಗಾಲದಲ್ಲಿ ಕೈ ಚಾಚಬಾರದಿತ್ತು ಎಂದು ಎರಡನೆಯ ಸಲ ಪಾಯಸ ಬಡಿಸಿಕೊಳ್ಳುತ್ತ ಒಬ್ಬರು ಹೇಳಿದರು. ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ನಲವತ್ತು ವರ್ಷ ಸಂಸಾರ ಮಾಡಿದವರು. ತಗ್ಗಿದ ದನಿಯಲ್ಲಿ ಕೇಳಿದರು: "ನಿಜ ಹೇಳಮ್ಮ. ತಗೊಂಡಿದ್ರಾ?"

ಇಲ್ಲ ಎಂದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ನಾನು ಅವರ ಗಂಡನಿಂದ ಸಂಬಳ ಎಣಿಸಿಕೊಂಡವಳು, ನನ್ನ ಮಾತಿಗೆ ಬೆಲೆಯಿಲ್ಲ. ಆ ಎರಡನೇ ಶನಿವಾರ ಅಂಗಡಿಯಲ್ಲಿದ್ದವರ ಪೈಕಿ ಅವರ ಮಾತನ್ನು ನಂಬಿದವರು, ನಂಬಿಯೂ ಎಲ್ಲರ ಜೊತೆ ನಕ್ಕವರು ಒಬ್ಬರಾದರೂ ಇದ್ದರೆ, ಅಥವಾ ಆ ಕಾಗದವನ್ನು ತಾವೇ ಅಳೆದು ನೋಡಿದವರಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಮುನಿರಾಜು ಎಲ್ಲಿದ್ದಾರೆಂದು ಗೊತ್ತಿದ್ದರೆ ಅದನ್ನೂ ತಿಳಿಸಿ. ಹೆಸರು ಹಾಕದಿದ್ದರೂ ನಡೆಯುತ್ತದೆ. ಆ ಹೆಂಗಸಿಗೆ ತೋರಿಸಲು ನನಗೆ ಬೇರೆಯವರ ಕೈಬರಹದ ಒಂದು ಕಾಗದ ಬೇಕು.